ಪೂರ್ವ ಬಾಗಿಲಿನ ಬಸ್ಸು

ಕಮಲಾದೇವಿ ಮನೆ ಬಿಟ್ಟು ಬರುವವಳಲ್ಲ. ಇದು ಹನುಮಂತನಗರದ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾರ್ಯಾರೋ ಮಲಗಿ ಎದ್ದ ಹೋಟೆಲ್ ಹಾಸಿಗೆಯಲ್ಲಿ ಅವಳಿಗೆ ನಿದ್ದೆ ಹತ್ತದು, ಯಾರೋ ತೊಳೆದ ತಟ್ಟೆಯಲ್ಲಿ ಅನ್ನ ಇಳಿಯದು, ಬಚ್ಚಲಿನ ಮಾತಂತೂ ಎತ್ತುವುದೇ ಬೇಡ. ಹೀಗಾಗಿ ಮದುವೆಯಾದಂದಿನಿಂದ ಗಂಡಹೆಂಡತಿ ಶಿವಗಂಗೆ ಬೆಟ್ಟ ಹತ್ತಿ ಸಂಜೆಯೊಳಗೆ ವಾಪಸ್ಸು ಬಂದದ್ದೇ ಅವರ ಅತಿ ದೂರದ ಪ್ರವಾಸ. ಗಂಡ, ಪಾತ್ರೆ ಅಂಗಡಿಯ ಗೌರೀಶಂಕರನ ತಲೆ ಪೂರ್ತಿ ನರೆತಿತ್ತು, ಸಮುದ್ರವನ್ನು ಮಾತ್ರ ಅವನು ಇನ್ನೂ ಅಂಗಡಿಯ ಕ್ಯಾಲೆಂಡರಿನಲ್ಲೇ ನೋಡುತ್ತಿದ್ದ.

“ನೀನು ಮನೆ ಬಿಟ್ಟು ಬರಲ್ಲ ತಾನೇ? ಸರಿ, ಮನೇನೇ ತಗೊಂಡ್ಹೋಗೋಣ,” ಎಂದ ಅವನು ಒಂದು ದಿನ.

ಕಮಲಾದೇವಿ ತಮಾಷೆ ಎಂದುಕೊಂಡು ಸುಮ್ಮನಾದಳು. ಆದರೆ ಸಾಧು ಮನುಷ್ಯನಿಗೆ ಹಟ ಬಂದರೆ ಹಿಡಿಯುವವರಿಲ್ಲ. ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ಸನ್ನು ಗೌರೀಶಂಕರ ಕೊಂಡುಕೊಂಡ. ಅರೆಕೆರೆಯ ಒಂದು ಶೆಡ್ಡಿನಲ್ಲಿ ಬಿಟ್ಟು ಮುಂದಿನೆರಡು ಉಳಿಸಿ ಅದರ ಸೀಟುಗಳನ್ನೆಲ್ಲ ಕೀಳಿಸಿದ. ಅಲ್ಲಿ ಮಡಚುವ ಮಂಚ ಬಂತು, ಸಿಂಕು ಬಂತು, ಕೈಯಗಲದ ದೇವರ ಗೂಡು ಬಂತು, ಏಸಿ, ಟೀವಿ ಬಂದವು, ಬಚ್ಚಲೂ ಬಂತು. ಓಡುವ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ ಎಂದರೆ ಕಮಲಾದೇವಿಗೆ ಎದೆ ನಡುಗುತ್ತದೆಂದು ಇಂಡಕ್ಷನ್ ಒಲೆ ಬಂತು. ಆ ಒಲೆಗಾಗಿ, ಬಸ್ಸಿನ ಹಿಂಬದಿಯ ಕಬ್ಬಿಣದ ಗೂಡಿನೊಳಗೆ, ಒಂದು ಪೆಟ್ರೋಲ್ ಜನರೇಟರ್ ಬಂದು ಕೂತಿತು.

ಎಲ್ಲ ಮುಗಿದ ಮೇಲೆ ಹೆಂಡತಿಯ ಷರತ್ತು ಬಂತು.

“ಇದು ಮನೆ ಅಂತ ನೀವೊಬ್ರು ಹೇಳಿದ್ರೆ ಆಗಲ್ಲ ರೀ. ಗೃಹಪ್ರವೇಶ ಆಗ್ಬೇಕು, ಒಳಗೆ ಹಾಲು ಉಕ್ಕಬೇಕು. ಉಕ್ಕಿದ್ರೆ ಅವತ್ತೇ ಹೊರಡೋಣ, ನಿಮ್ಮ ಸಮುದ್ರ ಎಲ್ಲಿದ್ಯೋ ಅಲ್ಲಿಗೆ. ಉಕ್ಕಲಿಲ್ವೋ, ಆ ಬಸ್ಸನ್ನ ನಮ್ಮಣ್ಣನಿಗೆ ಕೊಟ್ಬಿಡಿ. ಕೇಟರಿಂಗ್ ಪಾತ್ರೆ ಸಾಗಿಸೋಕೆ ಗಾಡಿ ಹುಡುಕ್ತಾ ಇದ್ದಾನೆ.”

ಜೀವಮಾನವೆಲ್ಲ ಪಾತ್ರೆಗಳ ನಡುವೆ ಕೂತವನ ಕನಸು ಕೊನೆಗೂ ಪಾತ್ರೆ ಸಾಗಿಸುವುದರಲ್ಲಿ ಮುಗಿಯುವುದೆಂದರೆ! ಗೌರೀಶಂಕರ ಅಂದೇ ಹೋಗಿ ಸಿದ್ದಲಿಂಗಯ್ಯ ಐನೋರ ಹತ್ತಿರ ಮುಹೂರ್ತ ಇಡಿಸಿಕೊಂಡು ಬಂದ. ಬುಧವಾರ, ರಾಹುಕಾಲಕ್ಕೆ ಮೊದಲು, ಎಂದರೆ ಮಧ್ಯಾಹ್ನ ಹನ್ನೆರಡರೊಳಗೆ ಹಾಲು ಉಕ್ಕಬೇಕು.

ಬುಧವಾರ ಬೆಳಗಾಗುತ್ತಲೇ ಬೀದಿಯಲ್ಲಿ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ರಿಪೇರಿಯಂತೆ, ಸಂಜೆಯವರೆಗೆ ಬರುವುದಿಲ್ಲವಂತೆ. ಟೀವಿ ಇಲ್ಲ, ವೈಫೈ ಇಲ್ಲ, ಮಿಕ್ಸಿ ಇಲ್ಲ. ಬೀದಿಗೆ ಬೀದಿಯೇ ಹೊರಗೆ ಬಂದು ಬಸ್ಸಿನ ಸುತ್ತ ನಿಂತಿತು.

ಮೊದಲು ಒಳಗೆ ಹೋದವರು ಬೈರಮ್ಮ. ಬೀದಿಯ ದಕ್ಷಿಣದ ತುದಿಯಲ್ಲಿ, ರಸ್ತೆಗೇ ಅಡ್ಡ ನಿಂತಿರುವ ಹಳೆಯ ಮನೆ ಅವರದು. ಬಡಾವಣೆ ಬರುವ ಮುಂಚೆ ಇಲ್ಲೆಲ್ಲ ರಾಗಿ ಬೆಳೆದವರು. ಅವರು ಮಂಚ ಮಡಚಿ ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ಬಚ್ಚಲ ಬಾಗಿಲು ತೆಗೆದು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ಶಿವನೇ, ಕಕ್ಕಸೂ ಐತಲ್ಲಪ್ಪಾ! ನಮ್ಮತ್ತೆ ಇದ್ದಿದ್ರೆ ಇದನ್ನ ನೋಡಿ ಕೈ ಮುಗೀತಿದ್ರು.”

ಎದುರು ಮನೆಯ ಗಂಗಾಧರಯ್ಯನವರು ಕೈ ಮುಗಿಯಲಿಲ್ಲ, ಆದರೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರು ಒಂದು ದೊಡ್ಡ ಫ್ಯಾಕ್ಟರಿಯಲ್ಲಿ ಇದ್ದು ನಿವೃತ್ತರಾದವರು. ಕ್ಯಾಂಟೀನ್ ವಿಭಾಗದಲ್ಲಿ ಇದ್ದರೆಂಬುದನ್ನು ಅವರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆದ್ದರಿಂದ ಬೀದಿಯಲ್ಲಿ ಯಾವ ಯಂತ್ರ ಕೆಟ್ಟರೂ ಅವರದೇ ಕೊನೆಯ ಮಾತು. ಮಹಡಿ ಮನೆಯ ಬಾಡಿಗೆ ಹುಡುಗ ಶಶಿಕಾಂತ್, ಮನೆಯಿಂದಲೇ ಆಫೀಸು ಮಾಡುವವನು, ಇಂದು ವೈಫೈ ಇಲ್ಲದ ನೆಪದಲ್ಲಿ ಬಿಡುಗಡೆಯಾಗಿ ಬಂದಿದ್ದ.

“ಸಖತ್ತಾಗಿದೆ ಅಂಕಲ್! ಫಾರಿನ್ ವಿಡಿಯೋಲಿ ನೋಡಿದ್ದೆ ಅಷ್ಟೇ. ನಮ್ಮ ಬೀದೀಲಿ ನೋಡ್ತೀನಿ ಅಂತ ಅಂದ್ಕೊಂಡೇ ಇರ್ಲಿಲ್ಲ.”

ಗೌರೀಶಂಕರ ಹಿಗ್ಗಿದ. ತಾನೇ ಮಾಡಿಸಿದ್ದನ್ನು ಹೀಗೆ ಹತ್ತು ಕಣ್ಣಲ್ಲಿ ನೋಡಿದಾಗ ಅವನಿಗೂ ಬೆರಗಾಯಿತು. ನಿಜಕ್ಕೂ ಇದು ಮನೆಯೇ ಅಲ್ಲವೇ? ಗಾಲಿಯ ಮೇಲೆ ಕೂತ, ಕಿಟಕಿಗೆ ಪರದೆ ಇರುವ, ದೇವರಿಗೂ ಜಾಗ ಇರುವ ಮನೆ!

ಅಷ್ಟರಲ್ಲಿ ಐನೋರು ಬಂದರು. ಬಸ್ಸನ್ನು ಒಂದು ಸುತ್ತು ಹಾಕಿ ಮುಖ ಗಂಟಿಕ್ಕಿದರು.

“ಏನ್ರೀ ಗೌರೀಶಂಕರ್, ಬಾಗಿಲು ಪಶ್ಚಿಮಕ್ಕಿದೆಯಲ್ಲ! ಪೂರ್ವಕ್ಕಿರಬೇಕು.”

“ಬಾಗಿಲು ಎಡಗಡೆಗಿದೆ ಐನೋರೆ. ಬಸ್ಸು ಅಂದ್ಮೇಲೆ...”

“ಅದಕ್ಕೇನು? ತಿರುಗಿಸಿ ನಿಲ್ಲಿಸಿ. ಹಾಲು ಉಕ್ಕೋವರೆಗೂ ಅದು ಗಾಡಿ, ಹೆಂಗೆ ಬೇಕಾದ್ರೂ ತಿರುಗಿಸ್ಬೋದು.”

ಗೌರೀಶಂಕರ ಬಸ್ಸನ್ನು ಉತ್ತರದ ತುದಿಯ ಅಡ್ಡರಸ್ತೆಯವರೆಗೆ ಒಯ್ದು ತಿರುಗಿಸಿಕೊಂಡು ಬಂದ. ಬೀದಿಯವರೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಕೈಬೀಸಿ ದಾರಿ ತೋರಿಸಿದ್ದರಿಂದ ಒಂದು ಹೂಕುಂಡ ಒಡೆದದ್ದು ಬಿಟ್ಟರೆ ಬೇರೆ ಅನಾಹುತ ಆಗಲಿಲ್ಲ. ಈಗ ಬಸ್ಸಿನ ಮೂತಿ ದಕ್ಷಿಣಕ್ಕೆ, ಬಾಗಿಲು ಪೂರ್ವಕ್ಕೆ. ಕಮಲಾದೇವಿಯ ಮುಖ ಅರಳಿತು. ಮದುವೆಯಾದ ಹೊಸದರಲ್ಲಿ ದಕ್ಷಿಣದ ಬಾಗಿಲಿನ ಒಂದು ಬಾಡಿಗೆ ಮನೆಯಲ್ಲಿದ್ದು, ಜ್ವರದ ಮೇಲೆ ಜ್ವರ ಬಂದು ಸಾಕು ಸಾಕಾಗಿದ್ದವಳು ಅವಳು. ಅಂದಿನಿಂದ ದಕ್ಷಿಣದ ಬಾಗಿಲು ಎಂದರೆ ಅಂಗಡಿಗೂ ಹೋಗುವವಳಲ್ಲ.

ಐನೋರಿಗೆ ಇನ್ನೂ ಒಂದು ಅನುಮಾನ. ಒಂದು ನಿಂಬೆಹಣ್ಣನ್ನು ಬಸ್ಸಿನ ನೆಲದ ಮೇಲಿಟ್ಟರು. ಗುಡ್ಡದ ಪಕ್ಕದ ಬೀದಿ, ಪಡುವಣಕ್ಕೆ ಸ್ವಲ್ಪ ಇಳಿಜಾರು. ನಿಂಬೆಹಣ್ಣು ಮೆಲ್ಲಗೆ ಪಶ್ಚಿಮಕ್ಕೆ ಉರುಳಿತು.

“ನೋಡಿ. ಹಾಲೂ ಹಿಂಗೇ ಪಶ್ಚಿಮಕ್ಕೆ ಉಕ್ಕತ್ತೆ. ಬರೋ ಲಕ್ಷ್ಮಿ ಹಾಗೇ ಆ ಕಡೆ ಹೋಗ್ಬಿಡ್ತಾಳೆ. ಪೂರ್ವಕ್ಕೆ ಉಕ್ಕಬೇಕು.”

“ಇದೇನು ಮಹಾ,” ಎಂದರು ಗಂಗಾಧರಯ್ಯನವರು. “ಪಶ್ಚಿಮದ ಚಕ್ರಗಳನ್ನ ಎತ್ತರ ಮಾಡಿದ್ರಾಯ್ತು. ಇಂಜಿನಿಯರಿಂಗು.”

ಬೈರಮ್ಮ ತಮ್ಮ ಹಿತ್ತಲಿನಿಂದ ಬಟ್ಟೆ ಒಗೆಯುವ ಎರಡು ಕಲ್ಲು ಕೊಟ್ಟರು. “ಸಂಜೆ ಒಳಗೆ ವಾಪಸ್ ಕೊಟ್ಬಿಡಪ್ಪಾ,” ಎಂದು ಹೇಳುವುದನ್ನು ಮರೆಯಲಿಲ್ಲ. ಕಲ್ಲಿನ ಮುಂದೆ ಹಲಗೆಯಿಟ್ಟು ಬಲಗಡೆಯ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿದ್ದಾಯಿತು. ಮತ್ತೆ ನಿಂಬೆಹಣ್ಣು ಇಟ್ಟರು. ಈ ಸಲ ಅದು ಬಾಗಿಲ ಕಡೆ ಓಡಿ, ಮೆಟ್ಟಿಲು ಇಳಿದು, ಚರಂಡಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪೂಜೆ ಸಾಂಗವಾಗಿ ನಡೆಯಿತು. ಕಮಲಾದೇವಿ ಬಿಂದಿಗೆ ಹಿಡಿದು ಬಲಗಾಲಿಟ್ಟು ಒಳಗೆ ಬಂದಳು. ಸ್ಟೀಲಿನ ಹೊಸ ತಪ್ಪಲೆಯಲ್ಲಿ ಹಾಲು ಸುರಿದು ಒಲೆಯ ಮೇಲಿಟ್ಟಳು. ಗೌರೀಶಂಕರ ಹಿಂದೆ ಹೋಗಿ ಜನರೇಟರಿನ ಹಗ್ಗ ಎಳೆದ. ಒಂದೇ ಎಳೆತಕ್ಕೆ ಅದು ಗುಂಯ್ ಎಂದು ಹೊತ್ತಿಕೊಂಡಿತು. ಬಸ್ಸಿನೊಳಗೆ ದೀಪಗಳು ಬೆಳಗಿದವು, ಫ್ಯಾನು ತಿರುಗಿತು, ಟೀವಿಯಲ್ಲಿ ಭಕ್ತಿಗೀತೆ ಬಂತು, ಏಸಿಯಿಂದ ತಣ್ಣನೆ ಗಾಳಿ ಬೀಸಿತು. ಇಡೀ ಬಡಾವಣೆ ಕರೆಂಟಿಲ್ಲದೆ ಬೀಸಣಿಗೆ ಹಿಡಿದು ಕೂತಿರುವಾಗ ಈ ಒಂದು ಗೂಡಿನಲ್ಲಿ ಕೈಲಾಸವೇ ಇಳಿದಂತಿತ್ತು. ಬೈರಮ್ಮ ಏಸಿಯ ಕೆಳಗೆ ನಿಂತು ಕಣ್ಣು ಮುಚ್ಚಿಕೊಂಡರು.

“ನನ್ನ ಫ್ರಿಜ್ಜಲ್ಲಿ ದೋಸೆ ಹಿಟ್ಟು ಹುಳಿ ಬತ್ತಾ ಐತೆ. ಇಲ್ಲಿ ನೋಡು, ಊಟಿ!”

ಹಾಲಿನ ಮೇಲೆ ಆವಿ ಆಡತೊಡಗಿತು. ಜನರೇಟರ್ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ನಿಂತೇ ಹೋಯಿತು.

“ಪೆಟ್ರೋಲು,” ಎಂದರು ಗಂಗಾಧರಯ್ಯನವರು, ಕ್ಷಣವೂ ಯೋಚಿಸದೆ.

ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಆದರೆ ಅವರು ಹೇಳಿದ ಮೇಲೆ ಮಾತು ಮುಗಿಯಿತು. ಶಶಿಕಾಂತನ ಬೈಕಿನಿಂದ ಪೈಪು ಹಾಕಿ ಪೆಟ್ರೋಲ್ ತೆಗೆಯಬೇಕಾಯಿತು. ಬಾಯಲ್ಲಿ ಎಳೆಯುವ ಕೆಲಸ ಗೌರೀಶಂಕರನ ಪಾಲಿಗೆ ಬಂತು. ಒಂದು ಗುಟುಕು ಒಳಗೂ ಹೋಯಿತು. ಕಣ್ಣಲ್ಲಿ ನೀರು ಸುರಿಸುತ್ತ, ಟ್ಯಾಂಕ್ ತುಂಬಿಸಿ ಅವನು ಹಗ್ಗ ಎಳೆದ. ಜನರೇಟರ್ ಹೊತ್ತಿಕೊಂಡಿತು. ಹಾಲು ಬಿಸಿಯಾಯಿತು. ಜನರೇಟರ್ ನಿಂತಿತು.

ಶಶಿಕಾಂತ್ ಫೋನಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬನ ವಿಡಿಯೋ ನೋಡುತ್ತಿದ್ದ. “ಅಂಕಲ್, ಇದು ಓವರ್‌ಲೋಡ್. ಎಲ್ಲ ಒಟ್ಟಿಗೆ ಹಾಕಿದ್ರೆ ತಡ್ಕೊಳಲ್ಲ ಅಂತೆ.”

ಏಸಿ ಆರಿತು. ಬೈರಮ್ಮ ಬೇಸರದಿಂದ ಕಣ್ಣು ಬಿಟ್ಟರು. ಟೀವಿ ಆರಿತು, ಫ್ಯಾನು ಆರಿತು, ದೀಪಗಳೂ ಆರಿದವು. ಬೆವರು ಸುರಿಸುತ್ತ ಎಲ್ಲರೂ ಒಲೆಯೊಂದನ್ನೇ ನೋಡುತ್ತ ನಿಂತರು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಬಂದವು. “ಬಂತು, ಬಂತು,” ಎಂದಳು ಕಮಲಾದೇವಿ. ಜನರೇಟರಿಗೆ ಅದು ಕೇಳಿಸಿತೋ ಏನೋ, ಮತ್ತೆ ನಿಂತಿತು.

“ಮನೆಯಿಂದ ಗ್ಯಾಸಲ್ಲಿ ಕಾಯಿಸ್ಕೊಂಡು ತಂದ್ರೆ ಆಗಲ್ವಾ ಐನೋರೆ?” ಗೌರೀಶಂಕರ ಬೇಡಿಕೊಂಡ.

“ಪಕ್ಕದ ಮನೇಲಿ ಉಣ್ಣಿಸಿ ಈ ಮನೆ ಮಗು ಹೊಟ್ಟೆ ತುಂಬ್ತು ಅಂದಂಗೆ. ಈ ಮನೆ ಹಾಲು ಈ ಮನೆ ಒಲೇಲೇ ಉಕ್ಕಬೇಕು.”

ಬೈರಮ್ಮನಿಗೆ ಕಾರಣ ಮೊದಲೇ ಗೊತ್ತಿತ್ತು. “ದೃಷ್ಟಿ ಕಣಪ್ಪಾ. ನಾನೇ ಬಾಯ್ಬಿಟ್ಕೊಂಡು ನೋಡಿದೀನಿ, ಇನ್ನು ಬೇರೆಯೋರ ಗತಿ ಏನು!” ಎಂದು ಒಪ್ಪಿಕೊಂಡು, ಉಪ್ಪು ಮೆಣಸಿನಕಾಯಿ ತಂದು ಜನರೇಟರಿಗೆ ನಿವಾಳಿಸಿದರು. ಐನೋರು ಅದರ ಹಣೆಗೆ, ಎಂದರೆ ಟ್ಯಾಂಕಿನ ಮುಚ್ಚಳಕ್ಕೆ, ಮೂರು ಬೆರಳಿನ ವಿಭೂತಿ ಎಳೆದರು. ಗೌರೀಶಂಕರ ಹಗ್ಗ ಎಳೆದ. ಜನರೇಟರ್ ಹಿಂದೆಂದಿಗಿಂತ ಚೆನ್ನಾಗಿ ಓಡಿತು. ಹಾಲು ಕೆನೆ ಕಟ್ಟಿ ಉಬ್ಬಿತು. ತಪ್ಪಲೆಯ ಕಂಠಕ್ಕೆ ಇನ್ನು ಬೆರಳಗಲ ಇರುವಾಗ ಗುಂಯ್‌ಗುಟ್ಟುವಿಕೆ ನಿಂತು ಬೀದಿ ನಿಶ್ಶಬ್ದವಾಯಿತು. ಹಾಲು ನಾಚಿಕೊಂಡಂತೆ ಕೆಳಗಿಳಿಯಿತು.

ಗಡಿಯಾರ ಹನ್ನೊಂದು ದಾಟಿತ್ತು. ಕಮಲಾದೇವಿ ಅಣ್ಣನ ನಂಬರಿದ್ದ ಫೋನನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು. ಅಷ್ಟು ಸಾಕಿತ್ತು, ಗೌರೀಶಂಕರನ ಕಣ್ಣ ಮುಂದೆ ಸಮುದ್ರ ಬತ್ತತೊಡಗಿತು.

ಮತ್ತೊಮ್ಮೆ ಹಗ್ಗ ಎಳೆದಾಗ ಅವನು ಮೊದಲ ಸಲ ಒಂದು ಸಂಗತಿ ಗಮನಿಸಿದ. ನಿಲ್ಲುವ ಮುಂಚೆ ಜನರೇಟರಿನ ಮೈಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿತ್ತು.

“ಆಯಿಲ್ ಕಮ್ಮಿ ಅಂಕಲ್,” ಶಶಿಕಾಂತ್ ಗಡ್ಡದವನನ್ನು ಕೇಳಿ ಹೇಳಿದ. “ಆಯಿಲ್ ಇಲ್ಲ ಅಂದ್ರೆ ಅದೇ ಆಫ್ ಆಗತ್ತಂತೆ. ಇಲ್ದಿದ್ರೆ ಇಂಜಿನ್ ಸುಟ್ಟೋಗತ್ತಲ್ಲ.”

“ನಾನು ಹೇಳ್ಬೇಕು ಅಂತಿದ್ದೆ,” ಎಂದರು ಗಂಗಾಧರಯ್ಯನವರು. ಆಯಿಲ್ ಡಬ್ಬಿ ಹಿಡಿದು ತಾವೇ ಸುರಿದರು. ಕಮ್ಮಿ ಆಗಬಾರದೆಂದು ಸುರಿದರು, ಕೆಂಪು ದೀಪಕ್ಕೆ ಬುದ್ಧಿ ಬರಲೆಂದು ಇನ್ನಷ್ಟು ಸುರಿದರು. ಆಯಿಲ್ ಬಾಯಿವರೆಗೆ ತುಂಬಿ, ಹೊರಗೆ ಹರಿದು, ಗೂಡಿನ ಅಂಚಿನಿಂದ ರಸ್ತೆಗೆ ಸುರಿಯಿತು.

ಬೈರಮ್ಮ ಬಗ್ಗಿ ನೋಡಿದರು. “ಏನೋ ಒಂದು ಉಕ್ತಲ್ಲಪ್ಪಾ! ಅದೂ ಪೂರ್ವಕ್ಕೇ ಉಕ್ಕೈತೆ. ಐನೋರೆ, ಇದು ನಡೀತದಾ?”

ನಡೆಯುವುದಿಲ್ಲ ಎಂದರು ಐನೋರು. ಜನರೇಟರಿನ ಅಭಿಪ್ರಾಯವೂ ಅದೇ ಆಗಿತ್ತು. ಅದು ಬಿಳಿ ಹೊಗೆ ಬಿಟ್ಟು, ಸ್ವಲ್ಪ ಹೊತ್ತು ಓಡಿ, ಕೆಂಪು ದೀಪ ಮಿಣುಕಿಸಿ ನಿಂತಿತು. ಕಂಠಪೂರ್ತಿ ಕುಡಿದರೂ ಬಾಯಾರಿಕೆ ಎನ್ನುವ ಯಂತ್ರವನ್ನು ಗಂಗಾಧರಯ್ಯನವರು ಫ್ಯಾಕ್ಟರಿಯಲ್ಲೂ ಕಂಡಿರಲಿಲ್ಲವಂತೆ. ಅವರು ಊಟದ ಹೊತ್ತಾಯಿತೆಂದು ನೆರಳಿಗೆ ಸರಿದರು.

ಗೌರೀಶಂಕರ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ನಿನ್ನೆ ಸಂಜೆ ಅರೆಕೆರೆಯ ಶೆಡ್ಡಿನಲ್ಲಿ ಇದೇ ಜನರೇಟರ್ ನಿಲ್ಲದೆ ಓಡಿತ್ತು. ಏಸಿ, ಟೀವಿ, ಒಲೆ ಎಲ್ಲ ಹಾಕಿದ್ದರು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ? ಪಾಪ ಎನಿಸಿ ಕಮಲಾದೇವಿ ಮನೆಯಿಂದ ಕಾಫಿ ತಂದು ಕೊಟ್ಟಳು. ಅವನು ಲೋಟವನ್ನು ಜನರೇಟರಿನ ತಲೆಯ ಮೇಲಿಟ್ಟ. ಲೋಟ ಮೆಲ್ಲಗೆ ಜಾರತೊಡಗಿತು. ಹಿಡಿದುಕೊಂಡ. ಹಿಡಿದವನು ಹಾಗೇ ನೋಡುತ್ತ ಕೂತುಬಿಟ್ಟ.

ಲೋಟದೊಳಗೆ ಕಾಫಿ ಒಂದು ಕಡೆ ಅಂಚಿನವರೆಗೂ ಬಂದಿತ್ತು. ಇನ್ನೊಂದು ಕಡೆ ಬರೀ ಸ್ಟೀಲು ಕಾಣುತ್ತಿತ್ತು.

ಗೌರೀಶಂಕರನಿಗೆ ಯಂತ್ರ ಗೊತ್ತಿರಲಿಲ್ಲ, ಪಾತ್ರೆ ಗೊತ್ತಿತ್ತು. ಓರೆಯಾದ ಪಾತ್ರೆಯಲ್ಲಿ ಇದ್ದದ್ದೆಲ್ಲ ಒಂದೇ ಮೂಲೆಗೆ ಸೇರುತ್ತದೆ. ಜನರೇಟರಿನೊಳಗಿನ ಆಯಿಲೂ ಒಂದು ಮೂಲೆಗೆ ಸೇರಿದೆ. ಆಯಿಲ್ ನೋಡುವ ಅದರ ಕಣ್ಣು ಇನ್ನೊಂದು ಮೂಲೆಯಲ್ಲಿದೆ. ಅದರ ಪಾಲಿಗೆ ಮನೆಯಲ್ಲಿ ಎಣ್ಣೆಯೇ ಇಲ್ಲ! ಸುಟ್ಟುಹೋಗುವ ಬದಲು ಮರ್ಯಾದೆಯಿಂದ ನಿಲ್ಲುತ್ತೇನೆ ಎನ್ನುತ್ತಿದೆ ಬಡಪಾಯಿ. ಬೆಳಿಗ್ಗೆಯಿಂದ ಅದರ ಬಾಯಿಗೆ ಪೆಟ್ರೋಲು, ಹಣೆಗೆ ವಿಭೂತಿ, ಹೊಟ್ಟೆಗೆ ಆಯಿಲು ಹಾಕಿ ಗೋಳು ಹೊಯ್ದುಕೊಂಡವರು ತಾವು. ಅವನಿಗೆ ಆ ಕಬ್ಬಿಣದ ಪೆಟ್ಟಿಗೆಯ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿತು. ನಿಜವಾಗಿ ಅದಕ್ಕೆ ಕೈ ಮುಗಿಯಬೇಕು ಎನಿಸಿತು, ಮುಗಿದೂ ಬಿಟ್ಟ.

“ಕಲ್ಲು ತೆಗೀರಿ!” ಎಂದು ಕೂಗುತ್ತ ಎದ್ದ.

“ತೆಗೆದ್ರೆ ಹಾಲು ಪಶ್ಚಿಮಕ್ಕೆ ಹೋಗತ್ತಲ್ರೀ,” ಎಂದರು ಐನೋರು.

ಇದು ದೊಡ್ಡ ಧರ್ಮಸಂಕಟ. ಕಲ್ಲಿದ್ದರೆ ಜನರೇಟರಿಲ್ಲ, ಕಲ್ಲಿಲ್ಲದಿದ್ದರೆ ಲಕ್ಷ್ಮಿಯಿಲ್ಲ. ಗೌರೀಶಂಕರ ತಲೆ ಕೆರೆದುಕೊಂಡು ಒಳಗೆ ಹೋದ, ತಪ್ಪಲೆಯ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿದ, ಖಾಲಿ ತಪ್ಪಲೆ ಹಿಡಿದು ಹೊರಗೆ ಬಂದ. ಥಳಥಳ ಹೊಳೆಯುವ ಹೊಸ ತಪ್ಪಲೆ, ತನ್ನ ಅಂಗಡಿಯದೇ. ಗಿರಾಕಿಯ ಕೈಯಿಂದ ಪಾತ್ರೆ ಜಾರಿದರೆ ತನ್ನ ಎದೆಯೇ ಜಾರಿದಂತೆ ಓಡುತ್ತಿದ್ದ ಮನುಷ್ಯ, ಬೈರಮ್ಮನ ಒಗೆಯುವ ಕಲ್ಲಿನ ಚಾಚಿದ ಅಂಚಿನ ಮೇಲೆ ಅದನ್ನಿಟ್ಟು ಸ್ಪ್ಯಾನರ್‌ನಿಂದ ಕಂಠಕ್ಕೆ ಒಂದೇಟು ಕೊಟ್ಟ. ಕಂಠ ಒಂದು ಕಡೆ ತಗ್ಗಿ ಕೊಕ್ಕಿನಂತಾಯಿತು.

“ಹಾಲು ತಗ್ಗಿರೋ ಕಡೆಯಿಂದ್ಲೇ ತಾನೇ ಉಕ್ಕೋದು? ಈ ತಗ್ಗನ್ನ ಪೂರ್ವಕ್ಕಿಟ್ರೆ?”

ಐನೋರು ತಪ್ಪಲೆ ನೋಡಿದರು, ಗೌರೀಶಂಕರನನ್ನು ನೋಡಿದರು. “ಶಾಸ್ತ್ರದಲ್ಲಿ ಪಾತ್ರೆ ಸೊಟ್ಟ ಇರ್ಬಾರ್ದು ಅಂತ ಎಲ್ಲೂ ಹೇಳಿಲ್ಲ,” ಎಂದರು.

ಬಸ್ಸನ್ನು ಕಲ್ಲಿನಿಂದ ಇಳಿಸಿದ್ದಾಯಿತು. ಹೆಚ್ಚಾದ ಆಯಿಲನ್ನು ಬಸಿದದ್ದಾಯಿತು. ತಪ್ಪಲೆಯ ಕೊಕ್ಕನ್ನು ಪೂರ್ವಕ್ಕೆ ತಿರುಗಿಸಿ ಹಾಲಿಟ್ಟದ್ದಾಯಿತು. ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತು. ಗೌರೀಶಂಕರ ಹಗ್ಗ ಎಳೆದ.

ಜನರೇಟರ್ ಓಡಿತು. ಓಡುತ್ತಲೇ ಇತ್ತು. ಧೈರ್ಯ ಮಾಡಿ ದೀಪ ಹಾಕಿದರು, ಓಡುತ್ತಿತ್ತು. ಬೈರಮ್ಮ ಯಾರಿಗೂ ಹೇಳದೆ ಏಸಿ ಹಾಕಿದರು, ಆಗಲೂ ಓಡುತ್ತಿತ್ತು. ಹಾಲು ಮೊದಲು ಅಂಚಿನಲ್ಲಿ ನಡುಗಿತು, ಆಮೇಲೆ ನಡುವಿನಲ್ಲಿ ಕೆನೆ ಬಿರಿಯಿತು, ಆಮೇಲೆ ಇಡೀ ತಪ್ಪಲೆ ಒಂದು ದೊಡ್ಡ ಉಸಿರು ಎಳೆದುಕೊಂಡಂತೆ ಮೇಲೆದ್ದಿತು. ದಿನಾ ಅಡಿಗೆಮನೆಯಲ್ಲಿ ಹಾಲುಕ್ಕಿದರೆ ಬೈದುಕೊಂಡು ಒರೆಸುವ ಜನ ಇವತ್ತು ಅದನ್ನೇ ಹುಟ್ಟಿದಾಗಿನಿಂದ ಕಾಣದವರಂತೆ ಕಣ್ಣರಳಿಸಿ ನೋಡಿದರು. ಬೆಳ್ಳಗಿನ ನೊರೆ ಕೊಕ್ಕಿನ ಹತ್ತಿರ ಒಂದು ಕ್ಷಣ ನಿಂತು, ಯೋಚಿಸಿ, ಪೂರ್ವಕ್ಕೆ ಧುಮುಕಿತು.

“ಹರಹರ ಮಹಾದೇವ!” ಎಂದರು ಐನೋರು. ಬೀದಿಯೂ ಕೂಗಿತು.

ಕಮಲಾದೇವಿಯ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಗಂಡನ ಹತ್ತಿರ ಬಂದು ಮೆಲ್ಲಗೆ, “ಹೊರಡೋಣ ರೀ,” ಎಂದಳು. ಆ ಎರಡು ಪದ ಕೇಳುವುದಕ್ಕೆ ಗೌರೀಶಂಕರ ಅರ್ಧ ಆಯುಷ್ಯ ಕಾದಿದ್ದ. ಅವನ ಬಾಯಲ್ಲಿ ಪೆಟ್ರೋಲಿನ ರುಚಿ ಇನ್ನೂ ಇತ್ತು, ಆದರೆ ಅದೂ ಸಿಹಿ ಎನಿಸಿತು.

ರಾಹುಕಾಲ ಕಳೆಯುವವರೆಗೆ ಎಲ್ಲರಿಗೂ ಊಟವಾಯಿತು. ಬಟ್ಟೆ ಗಂಟು, ಉಪ್ಪಿನಕಾಯಿ ಜಾಡಿ, ಅಕ್ಕಿ ಬೇಳೆ ಎಲ್ಲ ಬಸ್ಸು ಸೇರಿದವು. ಗೌರೀಶಂಕರ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಬಸ್ಸು ಮೈ ಕೊಡವಿತು. ತಾಂಬೂಲದ ತಟ್ಟೆ ಹಿಡಿದು ಮೆಟ್ಟಿಲಿನ ಬಳಿ ನಿಂತಿದ್ದ ಸಿದ್ದಲಿಂಗಯ್ಯ ಐನೋರು ಬೆಚ್ಚಿಬಿದ್ದರು.

“ಗೌರೀಶಂಕರ್, ಮನೆ ಯಾಕೆ ಅಲ್ಲಾಡ್ತಾ ಇದೆ?”

“ಹೊರಟ್ವಿ ಐನೋರೆ. ಮುರುಡೇಶ್ವರ, ಸಮುದ್ರ ನೋಡೋಕೆ.”

“ನೋಡಿ ಬನ್ನಿ, ಬೇಡ ಅನ್ನಲ್ಲ. ಬಸ್ಸಿಗೋ ರೈಲಿಗೋ ಹೋಗಿ. ಮನೆ ತಿರುಗಿಸಂಗಿಲ್ಲ. ಬೆಳಿಗ್ಗೆನೇ ಹೇಳಿದ್ನಲ್ಲ, ಹಾಲು ಉಕ್ಕೋವರೆಗೂ ಗಾಡಿ ಅಂತ. ಈಗ ಉಕ್ಕಿದೆ. ಪೂರ್ವ ಬಾಗಿಲಿನ ಮನೆ ಅಂತ ಸಂಕಲ್ಪ ಮಾಡ್ಸಿದೀನಿ. ಬಾಗಿಲು ಪೂರ್ವ ಬಿಟ್ಟು ಕದಲಬಾರ್ದು.”

ಗೌರೀಶಂಕರ ಇಂಜಿನ್ ಆಫ್ ಮಾಡಿದ. ಅವನಿಗೆ ನಗು ಬಂತು, ಆದರೆ ಬೇರೆ ಯಾರೂ ನಗುತ್ತಿರಲಿಲ್ಲ. ಕಮಲಾದೇವಿ ಬಾಗಿಲಿಗೆ ಬಂದಳು.

“ಮುರುಡೇಶ್ವರದ ಕಡೆ ಹೋದ್ರೆ ಬಾಗಿಲು ಯಾವ ಕಡೆ ಬರತ್ತೆ ಐನೋರೆ?”

“ಸಮುದ್ರ ಪಶ್ಚಿಮಕ್ಕೆ. ಬಸ್ಸಿನ ಮೂತಿ ಪಶ್ಚಿಮಕ್ಕೆ ತಿರುಗಿದ್ರೆ ಬಾಗಿಲು...” ಐನೋರು ಕೈಯಾಡಿಸಿ ಲೆಕ್ಕ ಹಾಕಿದರು. ಅವರ ಮುಖ ಬಾಡಿತು. “ದಕ್ಷಿಣಕ್ಕೆ ತಾಯಿ. ದಾರಿಯುದ್ದಕ್ಕೂ ದಕ್ಷಿಣಕ್ಕೇ.”

ಬೈರಮ್ಮ ಲೊಚಗುಟ್ಟಿದರು. ಕಮಲಾದೇವಿ ಕುಸಿದು ಮಂಚದ ಮೇಲೆ ಕೂತಳು.

“ಆ ಬಾಡಿಗೆ ಮನೇಲಿ ನಾನು ಪಟ್ಟ ಪಾಡು ಮರ್ತೋಯ್ತೇನ್ರೀ? ದಕ್ಷಿಣದ ಬಾಗಿಲಿಟ್ಕೊಂಡು ಮುರುಡೇಶ್ವರದ ತನಕ ಬರ್ಲಾ ನಾನು?”

“ಇದು ಬಸ್ಸು ಕಮಲಾ!” ಗೌರೀಶಂಕರ ಚೀರಿದ. “ಬಸ್ಸಿಗೆಂಥ ದಿಕ್ಕು!”

“ಬಸ್ಸಾ?” ಅವಳ ದನಿ ತಣ್ಣಗಿತ್ತು. “ಮನೆ ಮನೆ ಅಂತ ಹೇಳಿ ಒಳಗೆ ಕರ್ಕೊಂಡ್ ಬಂದ್ರಿ. ಬಸ್ಸು ಅಂದ್ರೆ ಹೇಳ್ಬಿಡಿ, ಈಗ್ಲೇ ಇಳೀತೀನಿ. ಊರ ಮಕ್ಕಳೆಲ್ಲ ಕೂತೆದ್ದ ಬಸ್ಸಲ್ಲಿ ನಾನು ಮಲಗೋಳಲ್ಲ.”

ಬಸ್ಸು ಎಂದರೆ ಹೆಂಡತಿ ಇಳಿಯುತ್ತಾಳೆ, ಮನೆ ಎಂದರೆ ಬಸ್ಸು ತಿರುಗುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಎರಡು ಹೋಳಾಗುವ ನೆಮ್ಮದಿಯಿದೆ, ಗೌರೀಶಂಕರನಿಗೆ ಅದೂ ಇರಲಿಲ್ಲ.

ಶಶಿಕಾಂತ್ ಫೋನಿನಲ್ಲಿ ಮ್ಯಾಪು ತೆಗೆದ. “ಅಂಕಲ್, ಒಂದು ನಿಮಿಷ! ನೇರ ದಕ್ಷಿಣಕ್ಕೆ ಹೋದ್ರೆ ಬಾಗಿಲು ಪೂರ್ವಕ್ಕೇ ಇರತ್ತಲ್ಲ? ದಕ್ಷಿಣಕ್ಕೂ ಸಮುದ್ರ ಇದೆ, ಕನ್ಯಾಕುಮಾರಿ! ವಾಪಸ್ ಬರೋವಾಗ ಮಾತ್ರ ತಿರುಗಿಸ್ಬಾರ್ದು, ರಿವರ್ಸಲ್ಲಿ ಬರ್ಬೇಕು.”

ಗೌರೀಶಂಕರನ ಕಣ್ಣಲ್ಲಿ ಬೆಳಕು ಬಂತು. ಕನ್ಯಾಕುಮಾರಿಯಿಂದ ಹನುಮಂತನಗರಕ್ಕೆ ರಿವರ್ಸಿನಲ್ಲಿ ಬರುವುದಕ್ಕೂ ಆ ಹೊತ್ತು ಅವನು ಸಿದ್ಧನಿದ್ದ.

“ನೇರ ದಕ್ಷಿಣಕ್ಕಾ?” ಬೈರಮ್ಮ ಸೊಂಟದ ಮೇಲೆ ಕೈಯಿಟ್ಟರು. “ಬೀದಿ ಕೊನೇಲಿ ನಮ್ಮನೆ ಐತಲ್ಲಪ್ಪಾ. ಅದನ್ನ ಒಡ್ಕೊಂಡು ಹೋಗ್ತೀಯಾ?”

ಗಂಡನ ಮುಖ ನೋಡಿ ಕಮಲಾದೇವಿಗೇ ಕರುಳು ಚುರುಕ್ ಎಂದಿತು. ಎದ್ದು ಬಂದು ಅವನ ಪಕ್ಕದ ಸೀಟಿನಲ್ಲಿ ಕೂತಳು.

“ಅಲ್ಲೀ ತನಕ ಹೋಗೋಣ ರೀ. ಬೈರಮ್ಮನೋರ ಕಾಂಪೌಂಡ್ ತನಕ. ಅಷ್ಟಕ್ಕೆ ಬಾಗಿಲು ತಿರುಗಲ್ಲ.”

ಬಸ್ಸು ಹೊರಟಿತು. ಬೀದಿಯವರೆಲ್ಲ ಅಕ್ಕಪಕ್ಕ ಸರಿದು ದಾರಿಬಿಟ್ಟು ಕೈಬೀಸಿದರು. ಗಂಗಾಧರಯ್ಯನವರ ಗೇಟು ಹಿಂದೆ ಸರಿಯಿತು, ಹೊಂಗೆಯ ಮರ ಹಿಂದೆ ಸರಿಯಿತು, ಸೊಪ್ಪಿನ ಗಾಡಿಯೂ ಸರಿಯಿತು. ದಿನಾ ನೋಡುವ ಬೀದಿಯನ್ನು ಕಮಲಾದೇವಿ ಪರದೇಶ ನೋಡುವಂತೆ ಕಿಟಕಿಗೆ ಮೂಗೊತ್ತಿ ನೋಡಿದಳು. ಹಿಂದೆ ಅವಳ ದೇವರು, ಅವಳ ಮಂಚ, ಅವಳ ಉಪ್ಪಿನಕಾಯಿ ಜಾಡಿ ಎಲ್ಲ ಅವಳ ಜೊತೆಗೇ ಬರುತ್ತಿದ್ದವು.

“ರೀ, ಮನೆ ಹೋಗ್ತಾ ಇದೆ ಕಣ್ರೀ! ನಿಜವಾಗ್ಲೂ ಹೋಗ್ತಾ ಇದೆ!”

ಗೌರೀಶಂಕರ ಉತ್ತರ ಕೊಡುವಷ್ಟರಲ್ಲಿ ಕಾಂಪೌಂಡು ಬಂತು. ಅವನು ಬ್ರೇಕ್ ಒತ್ತಿದ. ಪ್ರವಾಸ ಮುಗಿಯಿತು.

ಅಷ್ಟರಲ್ಲಿ ಬೈರಮ್ಮ ನಡೆದುಕೊಂಡೇ ಬಂದು ಮುಟ್ಟಿದ್ದರು. ಅವರ ಕೈಯಲ್ಲಿ ಉದ್ದನೆಯ ವೈರು. “ಹೆಂಗೂ ನಮ್ಮನೆ ಮುಂದೇನೇ ನಿಂತಿದ್ದೀಯಲ್ಲಪ್ಪಾ, ನಮ್ ಫ್ರಿಜ್ಜಿಗೊಂದು ಕನೆಕ್ಷನ್ ಕೊಟ್ಬಿಡು,” ಎಂದು ತಾವೇ ಪ್ಲಗ್ ಚುಚ್ಚಿದರು. ಅವರ ಹಿಂದೆ ಲ್ಯಾಪ್‌ಟಾಪಿನ ಚಾರ್ಜರ್ ಹಿಡಿದು ಶಶಿಕಾಂತ್, ಅವನ ಹಿಂದೆ ಮಿಕ್ಸಿಯನ್ನೇ ಎತ್ತಿಕೊಂಡು ಗಂಗಾಧರಯ್ಯನವರು ನಿಂತಿದ್ದರು. ಪಕ್ಕದಲ್ಲಿ ಯಾರೋ ಬೈರಮ್ಮನ ಎರಡು ಒಗೆಯುವ ಕಲ್ಲುಗಳನ್ನು ತಳ್ಳುಗಾಡಿಯಲ್ಲಿ ಹಿತ್ತಲಿಗೆ ಸಾಗಿಸುತ್ತಿದ್ದರು.

ಬೆಳಿಗ್ಗೆಯೆಲ್ಲ ಜನರೇಟರನ್ನು ನಿಲ್ಲಿಸುತ್ತಿದ್ದ ಆ ಕಲ್ಲುಗಳು ಮರೆಯಾಗುವವರೆಗೂ ಗೌರೀಶಂಕರ ಆಸೆಯಿಂದ ನೋಡಿದ. ಸಂಜೆ ಕರೆಂಟು ಬರುವವರೆಗೆ ಜನರೇಟರ್ ಒಂದೇ ಒಂದು ಸಲವೂ ನಿಲ್ಲಲಿಲ್ಲ.